ಹಸಿ ಹಲಗೆಯ ಸಾಲು: ಫಾಕಟಾನೆ ಸಾಮಿಲ್ಲಿನ ಕಾರ್ಮಿಕರ ಪ್ರಕರಣ

ಹಲಗೆ ಒದ್ದೆಯಾಗಿಯೇ ಬರುತ್ತದೆ. ಗರಗಸದಿಂದ ಆಗಷ್ಟೇ ಹೊರಬಿದ್ದ ಪೈನ್ ಹಲಗೆ ಮದ್ದಿನ ತೊಟ್ಟಿಯಲ್ಲಿ ಮುಳುಗಿ ಎದ್ದು, ನಿಧಾನವಾಗಿ ಚಲಿಸುವ ಕಬ್ಬಿಣದ ಸರಪಳಿಗಳ ಮೇಲೆ ಅಡ್ಡ ಮಲಗಿ ಬರುತ್ತದೆ. ಸರಪಳಿಯ ಪಕ್ಕ ನಿಂತ ಆಳು ತನ್ನ ಅಳತೆಯ ಹಲಗೆ ಎದುರಿಗೆ ಬಂದ ಕೂಡಲೇ ತುದಿ ಹಿಡಿದು ಎಳೆಯಬೇಕು, ತೊಡೆಗೆ ಆನಿಸಿ ತಿರುಗಿಸಬೇಕು, ಬೆನ್ನ ಹಿಂದಿನ ಅಟ್ಟಿಗೆ ಜೋಡಿಸಬೇಕು. ಅಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಮದ್ದಿನ ನೀರು ಅಂಗೈಯಿಂದ ಮೊಣಕೈಗೆ ಇಳಿದು ಅಂಗಿಯನ್ನು ನೆನೆಸಿ, ತೊಡೆಯ ಮೇಲೆ ಚಡ್ಡಿಯನ್ನು ನೆನೆಸುತ್ತದೆ. ಎಂಟು ಗಂಟೆ ಇದೇ ಕೆಲಸ. ಈ ಜಾಗಕ್ಕೆ ಅಲ್ಲಿನವರು ಇಟ್ಟ ಹೆಸರು ‘ಗ್ರೀನ್ ಚೈನ್’. ಹಸಿರು ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ, ಹಸಿ ಮರದ ಸಾಲು ಎಂದಷ್ಟೇ ಅರ್ಥ.

ನ್ಯೂಜಿಲೆಂಡಿನ ಸಾಮಿಲ್ಲುಗಳಲ್ಲಿ 1950ರ ದಶಕದಿಂದ 1988ರವರೆಗೆ ಸಾವಿರಾರು ಜನ ಹೀಗೆ ದುಡಿದರು. ಅವರಲ್ಲಿ ಫಾಕಟಾನೆ ಎಂಬ ಊರಿನವರ ಕಥೆಯನ್ನು ಇಲ್ಲಿ ಹಿಡಿದಿದ್ದೇನೆ. ಉತ್ತರ ದ್ವೀಪದ ಪೂರ್ವ ಕರಾವಳಿಯ ಪುಟ್ಟ ಊರು ಅದು. ಇಂಗ್ಲಿಷಿನಲ್ಲಿ ‘ಡಬ್ಲ್ಯೂ-ಎಚ್’ ಎಂದು ಬರೆದರೂ ಅಲ್ಲಿಯ ಮೂಲನಿವಾಸಿಗಳಾದ ಮಾವೊರಿ ಜನ ಅದನ್ನು ‘ಫ’ ಎಂದೇ ಉಚ್ಚರಿಸುತ್ತಾರೆ. 2019ರ ಡಿಸೆಂಬರಿನಲ್ಲಿ ಫಾಕಾರಿ ಜ್ವಾಲಾಮುಖಿ ದ್ವೀಪ ಸಿಡಿದು ಪ್ರವಾಸಿಗರು ಸತ್ತ ಸುದ್ದಿ ನಮ್ಮ ಪತ್ರಿಕೆಗಳಲ್ಲೂ ಬಂದಿತ್ತು. ಆ ದ್ವೀಪಕ್ಕೆ ದೋಣಿ ಹೊರಟದ್ದು ಇದೇ ಊರಿನಿಂದ. ಜಗತ್ತಿಗೆ ಊರಿನ ಹೆಸರು ಗೊತ್ತಾದದ್ದು ಆಗ. ಊರಿನ ಒಳಗೆ ಮಾತ್ರ ಅದಕ್ಕಿಂತ ಬಹಳ ಹಿಂದಿನಿಂದ, ಸದ್ದಿಲ್ಲದೆ, ಮಿಲ್ಲಿನಲ್ಲಿ ದುಡಿದವರು ಒಬ್ಬೊಬ್ಬರಾಗಿ ಕಾಯಿಲೆ ಬೀಳುತ್ತಿದ್ದರು.

ಈ ಪ್ರಕರಣವನ್ನು ವಿವರವಾಗಿ ಬರೆಯಬೇಕೆನಿಸಿದ್ದು ವಿಷದ ಭೀಕರತೆಗಾಗಿ ಅಲ್ಲ. ಇದರಲ್ಲಿ ವಿಷ ಒಂದು ಭಾಗ, ಸಾಕ್ಷಿ ಇನ್ನೊಂದು ಭಾಗ. ಮೈಯಲ್ಲಿ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ, ಯಾವಾಗ ಅಳೆದರೆ ಏನು ಸಿಗುತ್ತದೆ ಎಂಬುದು ಒಬ್ಬ ಕಾರ್ಮಿಕನ ಮಾತನ್ನು ನಂಬಬೇಕೋ ಬೇಡವೋ ಎಂಬುದನ್ನೇ ನಿರ್ಧರಿಸಿಬಿಟ್ಟಿತು.

ಮರಕ್ಕೆ ಮದ್ದು ಯಾಕೆ?

ಫಾಕಟಾನೆಯ ಒಳನಾಡಿನಲ್ಲಿ ಕೈಂಗರೋವ ಎಂಬ ಬೃಹತ್ ನೆಡುತೋಪು ಇದೆ. 1920 ಮತ್ತು 30ರ ದಶಕಗಳಲ್ಲಿ ಅಲ್ಲಿ ನೆಟ್ಟದ್ದು ಬಹುಪಾಲು ರೇಡಿಯಾಟಾ ಪೈನ್. ಕ್ಯಾಲಿಫೋರ್ನಿಯಾ ಕರಾವಳಿಯಿಂದ ಬಂದ ಈ ಮರ ನ್ಯೂಜಿಲೆಂಡಿನ ಮಣ್ಣಿನಲ್ಲಿ ಬಲು ಬೇಗ ಬೆಳೆಯುತ್ತದೆ, 25-30 ವರ್ಷದಲ್ಲಿ ಕಡಿಯುವಷ್ಟಾಗುತ್ತದೆ. ಬೇಗ ಬೆಳೆದ ಮರದಲ್ಲಿ ಕೆಚ್ಚು ಕಡಿಮೆ. ಕೆಚ್ಚಿನ ಸುತ್ತಲಿನ ಬಿಳಿ ಮರವೇ ಹೆಚ್ಚು, ಅದರಲ್ಲಿ ಸಕ್ಕರೆ, ಪಿಷ್ಟ, ನೀರು ಧಾರಾಳ. ಕೊಯ್ದು ಹಾಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ಶಿಲೀಂಧ್ರ ಹತ್ತಿ ಹಲಗೆಗೆ ನೀಲಿ-ಬೂದು ಬಣ್ಣ ಏರುತ್ತದೆ. ನಮ್ಮ ಸುಳ್ಯ, ಪುತ್ತೂರಿನ ಕಡೆ ರಬ್ಬರ್ ಮರ ಕೊಯ್ದವರಿಗೆ ಇದು ಹೊಸದಲ್ಲ. ಹಸಿ ರಬ್ಬರ್ ಹಲಗೆಯನ್ನು ಮಳೆಗಾಲದಲ್ಲಿ ಎರಡು ದಿನ ಅಟ್ಟಿ ಹಾಕಿ ಮರೆತರೆ ಬೂಷ್ಟು ಹಿಡಿದೇ ಹಿಡಿಯುತ್ತದೆ. ನೀಲಿ ಹಿಡಿದರೆ ಮರದ ಬಲವೇನೂ ಅಷ್ಟಾಗಿ ಕುಗ್ಗುವುದಿಲ್ಲ, ಬೆಲೆ ಕುಗ್ಗುತ್ತದೆ. ಈ ಮಾತನ್ನು ಒತ್ತಿ ಹೇಳಬೇಕು: ಹಸಿ ಸಾಲಿನವರ ಮೈಗೆ ಸುರಿದ ಮದ್ದು ಮನೆ ಕುಸಿಯದಂತೆ ತಡೆಯಲು ಬಳಸಿದ್ದಲ್ಲ. ಹಲಗೆ ಮಾರುಕಟ್ಟೆಗೆ ಹೋಗುವವರೆಗೆ ಬೆಳ್ಳಗೆ ಕಾಣಲಿ ಎಂದು ಬಳಸಿದ್ದು.

ಆ ಮದ್ದು ಪೆಂಟಾಕ್ಲೋರೋಫಿನಾಲ್. ಪಿಸಿಪಿ ಎಂದು ಕಾಗದದಲ್ಲಿ, ಪೆಂಟಾ ಎಂದು ಬಾಯಿಮಾತಿನಲ್ಲಿ. ಅದರ ಸೋಡಿಯಂ ಲವಣ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಜೊತೆಗೆ ಬೊರಾಕ್ಸ್ ಬೆರೆಸಿ ತೊಟ್ಟಿ ತುಂಬಿಸಿದರೆ ಆಯಿತು. ಅಗ್ಗ, ಬಳಸಲು ಸರಳ, ಶಿಲೀಂಧ್ರಕ್ಕೆ ಮೃತ್ಯು. ನ್ಯೂಜಿಲೆಂಡಿನಲ್ಲಿ ಸುಮಾರು 35 ವರ್ಷಗಳಲ್ಲಿ 5000 ಟನ್ನಿನಷ್ಟು ಪಿಸಿಪಿ ಬಳಕೆಯಾಗಿದೆ ಎಂದು ಅಂದಾಜು. ನಮ್ಮ ಕರ್ನಾಟಕಕ್ಕಿಂತ ಜನಸಂಖ್ಯೆಯಲ್ಲಿ ಎಷ್ಟೋ ಪಟ್ಟು ಚಿಕ್ಕ ದೇಶ ಅದು.

ಪೀಪಾಯಿಯ ಮೇಲೆ ಬರೆಯದೆ ಇದ್ದದ್ದು

ಪೆಂಟಾ ತಾನಾಗಿಯೇ ವಿಷ. ನಮ್ಮ ಜೀವಕೋಶಗಳು ಅನ್ನವನ್ನು ಸುಟ್ಟು ಶಕ್ತಿ ಕೂಡಿಡುವ ವ್ಯವಸ್ಥೆಯನ್ನೇ ಅದು ಹದಗೆಡಿಸುತ್ತದೆ. ಆಗ ಸುಟ್ಟ ಅನ್ನ ಶಕ್ತಿಯಾಗಿ ಉಳಿಯದೆ ಬರೀ ಕಾವಾಗಿ ಹೋಗುತ್ತದೆ. ಆದ್ದರಿಂದ ಪೆಂಟಾ ಹೆಚ್ಚು ಹೊಕ್ಕವನಿಗೆ ಮೈ ಕಾಯುತ್ತದೆ, ಬೆವರು ಕಿತ್ತು ಬರುತ್ತದೆ, ಬಾಯಾರುತ್ತದೆ, ತೂಕ ಇಳಿಯುತ್ತದೆ. ಅತಿಯಾದರೆ ಮೈ ಕಾವು ಏರಿ ಸಾವು ಬಂದದ್ದೂ ಜಗತ್ತಿನ ಬೇರೆ ಬೇರೆ ಕಡೆ ದಾಖಲಾಗಿದೆ. ಚರ್ಮದ ಮೂಲಕ ಅದು ಸಲೀಸಾಗಿ ಒಳಗಿಳಿಯುತ್ತದೆ. ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಂಡವನಿಗೂ ತೋಳು ಒದ್ದೆಯಾಗಿದ್ದರೆ ರಕ್ಷಣೆ ಇಲ್ಲ.

ಇಷ್ಟೇ ಆಗಿದ್ದರೆ ಪ್ರಕರಣ ಸರಳವಾಗಿರುತ್ತಿತ್ತು. ಫಿನಾಲ್‌ಗೆ ಕ್ಲೋರಿನ್ ಹಾಯಿಸಿ ಪೆಂಟಾ ತಯಾರಿಸುವಾಗ ಕಾವಿನಲ್ಲಿ ಎರಡೆರಡು ಕಣಗಳು ಒಂದಕ್ಕೊಂದು ಬೆಸೆದು ಡಯಾಕ್ಸಿನ್, ಫ್ಯೂರಾನ್ ಎಂಬ ಇನ್ನೂ ಕಟುವಾದ ವಿಷಗಳು ಹುಟ್ಟುತ್ತವೆ. ಯಾರೂ ಬೇಕೆಂದು ಹಾಕಿದ್ದಲ್ಲ, ತಯಾರಿಕೆಯ ಕಲ್ಮಶ. ಡಯಾಕ್ಸಿನ್ ಎಂದರೆ ಒಂದೇ ವಸ್ತುವಲ್ಲ, 75 ಸದಸ್ಯರ ದೊಡ್ಡ ಕುಲ. ವಿಯೆಟ್ನಾಂ ಯುದ್ಧದ ಕಳೆನಾಶಕ ಏಜೆಂಟ್ ಆರೆಂಜ್, 1976ರ ಇಟಲಿಯ ಸೆವೆಸೊ ಕಾರ್ಖಾನೆ ದುರಂತ ಎಂದಾಗ ನಾವು ಕೇಳುವುದು ನಾಲ್ಕು ಕ್ಲೋರಿನ್ ಇರುವ ಟಿಸಿಡಿಡಿಯ ಹೆಸರನ್ನು. ಪೆಂಟಾದಲ್ಲಿ ಇರುವುದು ಮುಖ್ಯವಾಗಿ ಆರು, ಏಳು, ಎಂಟು ಕ್ಲೋರಿನ್‌ನ ಡಯಾಕ್ಸಿನ್‌ಗಳು. ಒಂದೊಂದಾಗಿ ನೋಡಿದರೆ ಇವು ಟಿಸಿಡಿಡಿಗಿಂತ ಸೌಮ್ಯ, ಪ್ರಮಾಣದಲ್ಲಿ ಮಾತ್ರ ಬಹಳ ಹೆಚ್ಚು. ಈ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಇದೇ ಕಾರ್ಮಿಕರ ಕೈ ಹಿಡಿಯುತ್ತದೆ.

ಇನ್ನೊಂದು ವ್ಯತ್ಯಾಸ ಕಾಲದ್ದು. ಮೈಗೆ ಸೇರಿದ ಪೆಂಟಾ ಮೂತ್ರದಲ್ಲಿ ಹೊರಹೋಗುತ್ತದೆ, ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಬಹುಪಾಲು ಖಾಲಿ. ಡಯಾಕ್ಸಿನ್ ಹಾಗಲ್ಲ. ಅದು ಕೊಬ್ಬಿನಲ್ಲಿ ಕೂತುಬಿಡುತ್ತದೆ, ಅರ್ಧದಷ್ಟು ಕರಗಲು ವರ್ಷಗಳೇ ಬೇಕು. ಟಿಸಿಡಿಡಿಯ ಅರ್ಧಾಯುಷ್ಯವೇ 7 ವರ್ಷದ ಆಸುಪಾಸು. ಅಂದರೆ ಮಿಲ್ಲು ಬಿಟ್ಟು ಎರಡು ವರ್ಷವಾದ ಮೇಲೆ ಒಬ್ಬ ಕಾರ್ಮಿಕ ವೈದ್ಯರ ಬಳಿ ಹೋಗಿ ತನಗೆ ಪೆಂಟಾ ತಗುಲಿತ್ತೆಂದು ಹೇಳಿದರೆ, ವೈದ್ಯರು ಮೂತ್ರ ಪರೀಕ್ಷೆ ಮಾಡಿಸಿದರೆ, ಕೈಗೆ ಬರುವ ವರದಿ ಶುದ್ಧ. ಉಳಿದಿರುವ ಡಯಾಕ್ಸಿನ್ ಅಳೆಯಬೇಕಾದರೆ ರಕ್ತದ ಕೊಬ್ಬಿನಲ್ಲಿ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲನ್ನು ಎಣಿಸುವ ಪ್ರಯೋಗಾಲಯ ಬೇಕು. ಅಂಥ ಪರೀಕ್ಷೆ ಅಂದಿಗೂ ದುಬಾರಿ, ಇಂದಿಗೂ ದುಬಾರಿ. ಪೇಟೆಯ ಲ್ಯಾಬಿನಲ್ಲಿ ಚೀಟಿ ಬರೆದುಕೊಟ್ಟು ಮಾಡಿಸಿಕೊಳ್ಳುವಂಥದ್ದಲ್ಲ.

ಯಾರ ಮೈಗೆ ಎಷ್ಟು

ಮಿಲ್ಲಿನೊಳಗೆ ಎಲ್ಲರಿಗೂ ಒಂದೇ ಪ್ರಮಾಣ ಸಿಗಲಿಲ್ಲ. ದಿಮ್ಮಿ ಇಳಿಸುವವನು, ಗರಗಸದ ಮುಂದೆ ಕೂತವನು ತೊಟ್ಟಿಗಿಂತ ಮೊದಲಿನ ಹಂತದವರು, ಅವರಿಗೆ ಕಡಿಮೆ. ತೊಟ್ಟಿಯಿಂದ ಮುಂದೆ ಇದ್ದವರಿಗೆ ಹೆಚ್ಚು: ಪುಡಿ ಸುರಿದು ಮದ್ದು ಕಲಸುವವನು, ಹಸಿ ಸಾಲಿನಲ್ಲಿ ಎಳೆಯುವವನು, ಅಟ್ಟಿ ಕಟ್ಟುವವನು. ಒಣಗಿದ ಮೇಲೆ ಹಲಗೆಗೆ ತೋಪಡ ಹಾಕುವ ಯಂತ್ರದ ಮುಂದೆ ನಿಂತವನಿಗೆ ಅದೇ ಮದ್ದು ಹುಡಿಯಾಗಿ ಮೂಗಿಗೆ. ಪುಡಿ ಮೂಗಿಗೆ ಬಡಿದರೆ ತಡೆಯಲಾರದ ಸೀನು, ಗಂಟಲು ಉರಿ.

ಎಲ್ಲಕ್ಕಿಂತ ಕೆಟ್ಟದ್ದು ತೊಟ್ಟಿ ಬಳಿಯುವ ಕೆಲಸ. ಹೊಟ್ಟು, ಮಣ್ಣು, ಮರದ ಅಂಟು ಎಲ್ಲ ಸೇರಿ ತೊಟ್ಟಿಯ ತಳದಲ್ಲಿ ಕೆಸರು ಕಟ್ಟುತ್ತದೆ. ಡಯಾಕ್ಸಿನ್ ನೀರಿನಲ್ಲಿ ಕರಗದ ವಸ್ತು, ಸಣ್ಣ ಕಣಗಳಿಗೆ ಅಂಟಿಕೊಳ್ಳುವ ಜಾತಿ. ಆದ್ದರಿಂದ ಅದು ಸಾಂದ್ರವಾಗಿ ಸೇರುವ ಜಾಗವೇ ಆ ಕೆಸರು. ಆಗಾಗ ತೊಟ್ಟಿ ಖಾಲಿ ಮಾಡಿ ಒಬ್ಬಿಬ್ಬರು ಒಳಗಿಳಿದು ಸಲಿಕೆಯಿಂದ ಅದನ್ನು ಬಳಿದು ಹಾಕಬೇಕಿತ್ತು. ಹೊರಗೆ ಹಾಕಿದ ಕೆಸರು ಎಲ್ಲಿಗೆ ಹೋಯಿತೆಂಬುದು ಮುಂದೆ ಬರುವ ಕಥೆ.

ಮೈಮೇಲಿನ ಮದ್ದು ಮಿಲ್ಲಿನ ಗೇಟಿಗೆ ನಿಲ್ಲಲಿಲ್ಲ. ನೆನೆದ ಅಂಗಿ, ಚಡ್ಡಿ ಮನೆಗೆ ಹೋದವು, ಮನೆಯ ಹೆಂಗಸರು ಒಗೆದರು. ಮಿಲ್ಲಿನ ಚೂರುಪಾರು ಕಟ್ಟಿಗೆ ಚಳಿಗಾಲದ ಒಲೆಗೆ ಹೋಯಿತು. ಪೆಂಟಾ ಹಿಡಿದ ಮರವನ್ನು ಮಂದ ಬೆಂಕಿಯಲ್ಲಿ ಸುಟ್ಟರೆ ಡಯಾಕ್ಸಿನ್ ಇನ್ನಷ್ಟು ಹುಟ್ಟುತ್ತದೆ. ಬಿಟ್ಟಿ ಸೌದೆ ಎಂದು ಹೊತ್ತು ತಂದವರಿಗೆ ಇದನ್ನು ಹೇಳುವವರು ಯಾರಿದ್ದರು? ಉದ್ಯೋಗ ಕಾಯಿಲೆ ಎಂದರೆ ನಾವು ಗಂಡಸಿನ ಮೈಯನ್ನಷ್ಟೇ ನೋಡುತ್ತೇವೆ. ಬಟ್ಟೆ ಒಗೆದ ಕೈಗಳನ್ನು ಯಾವ ಹಾಜರಿ ಪುಸ್ತಕವೂ ಲೆಕ್ಕಕ್ಕೆ ಇಟ್ಟುಕೊಂಡಿಲ್ಲ, ಹಾಗಾಗಿ ಮುಂದಿನ ಅಧ್ಯಯನಗಳಿಗೂ ಅವು ಸುಲಭವಾಗಿ ಸಿಗಲಿಲ್ಲ. ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವ ಖಾಲಿ ಜಾಗ ಇದು.

ತೊಂದರೆಗಳು ಶುರುವಾದ ರೀತಿ ನೋಡಿ. ತಲೆನೋವು, ಎಷ್ಟು ಮಲಗಿದರೂ ಹೋಗದ ದಣಿವು, ರಾತ್ರಿ ಹಾಸಿಗೆ ತೊಯ್ಯುವ ಬೆವರು, ಚರ್ಮದ ಮೇಲೆ ಗುಳ್ಳೆ, ಕಾರಣವಿಲ್ಲದ ಸಿಟ್ಟು, ಮರೆವು, ಕುಗ್ಗಿದ ಮನಸ್ಸು. ಇವುಗಳಲ್ಲಿ ಪೆಂಟಾದ್ದೇ ಎಂದು ಬೆರಳು ಮಾಡಿ ತೋರಿಸಬಹುದಾದದ್ದು ಒಂದೂ ಇಲ್ಲ. ದಣಿವಿಗೆ ವಯಸ್ಸು ಕಾರಣ, ಬೆವರಿಗೆ ಜ್ವರ ಕಾರಣ, ಸಿಟ್ಟಿಗೆ ಕುಡಿತ ಕಾರಣ, ಕೆಮ್ಮಿಗೆ ಸಿಗರೇಟು ಕಾರಣ. ಪ್ರತಿಯೊಂದಕ್ಕೂ ಒಂದು ಬೇರೆ ಸಮಜಾಯಿಷಿ ಸಿದ್ಧವಾಗಿತ್ತು, ಮತ್ತು ಬಿಡಿಬಿಡಿಯಾಗಿ ನೋಡಿದರೆ ಆ ಸಮಜಾಯಿಷಿಗಳಲ್ಲಿ ತಪ್ಪೂ ಇರಲಿಲ್ಲ. ಒಬ್ಬೊಬ್ಬರೇ ಹೋಗಿ ಒಬ್ಬೊಬ್ಬ ವೈದ್ಯರ ಮುಂದೆ ಕೂತಾಗ ಕಾಣದ ಚಿತ್ರ ಅದು. ಒಂದೇ ಸಾಲಿನಲ್ಲಿ ದುಡಿದವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿದಾಗ ಮಾತ್ರ ಕಾಣುವಂಥದ್ದು.

ಲೆಕ್ಕ ಇಟ್ಟವರು

ಸ್ವೀಡನ್ 1978ರಲ್ಲೇ ಪೆಂಟಾವನ್ನು ನಿಷೇಧಿಸಿತ್ತು. ನ್ಯೂಜಿಲೆಂಡಿನ ಮರದ ಉದ್ಯಮ ಅದನ್ನು ಕೈಬಿಟ್ಟದ್ದು 1988ರಲ್ಲಿ, ಸರ್ಕಾರಿ ನೋಂದಣಿ ರದ್ದಾದದ್ದು 1991ರಲ್ಲಿ. ಹತ್ತು ವರ್ಷದ ಅಂತರ. ಆ ಹತ್ತು ವರ್ಷದಲ್ಲಿ ಹದಿನೆಂಟು ತುಂಬಿ ಹಸಿ ಸಾಲಿಗೆ ಸೇರಿದ ಹುಡುಗರನ್ನು ನೆನೆದರೆ ಸಂಕಟವಾಗುತ್ತದೆ.

ತೊಟ್ಟಿಗಳು ಖಾಲಿಯಾದ ಮೇಲೆ ವಿಷಯವೂ ಮುಗಿಯಿತೆಂದು ಎಲ್ಲರೂ ಅಂದುಕೊಂಡರು. ಮುಗಿಯಲು ಬಿಡದವರು ಫಾಕಟಾನೆಯ ಹಳೆಯ ಕಾರ್ಮಿಕರು. ಜೋ ಹರಾವಿರಾ ಎಂಬ ಮಾವೊರಿ ಕಾರ್ಮಿಕ ಆ ಊರಿನ ಮಿಲ್ಲಿನಲ್ಲಿ ದಶಕಗಳ ಕಾಲ ದುಡಿದಿದ್ದವರು. ಅವರೂ ಸಂಗಡಿಗರೂ ಸೇರಿ ‘ಸಾಮಿಲ್ ವರ್ಕರ್ಸ್ ಅಗೇನ್‌ಸ್ಟ್ ಪಾಯ್ಸನ್ಸ್’ ಎಂಬ ಗುಂಪು ಕಟ್ಟಿದರು. ಚಿಕ್ಕದಾಗಿ ‘ಸ್ವಾಪ್’. ವಕೀಲರೋ ವಿಜ್ಞಾನಿಗಳೋ ಕಟ್ಟಿದ ಸಂಘವಲ್ಲ. ಯಾರು ಯಾವ ವರ್ಷ ಯಾವ ಕೆಲಸದಲ್ಲಿದ್ದರು, ಯಾರಿಗೆ ಏನು ಕಾಯಿಲೆ, ಯಾರು ತೀರಿಕೊಂಡರು ಎಂದು ಮನೆಮನೆಗೆ ಹೋಗಿ ಕೇಳಿ ಬರೆದಿಟ್ಟುಕೊಂಡ ಜನರ ಗುಂಪು.

ಇದರಲ್ಲಿ ಬಹಳ ಜನ ಮಾವೊರಿಗಳು ಎಂಬುದು ಬರೀ ಜನಗಣತಿಯ ಮಾತಲ್ಲ. ಮಾವೊರಿ ಭಾಷೆಯಲ್ಲಿ ‘ಫೆನುಆ’ ಎಂಬ ಒಂದೇ ಪದಕ್ಕೆ ನೆಲ ಎಂಬ ಅರ್ಥವೂ ಇದೆ, ಗರ್ಭದ ಮಾಸು ಎಂಬ ಅರ್ಥವೂ ಇದೆ. ಹುಟ್ಟಿದ ಮಗುವಿನ ಮಾಸನ್ನು ಕುಟುಂಬದ ನೆಲದಲ್ಲಿ ಹೂಳುವ ಪದ್ಧತಿ ಅವರದು. ಆದ್ದರಿಂದ ಕಾರ್ಮಿಕನ ರಕ್ತದಲ್ಲಿ ಇರುವ ವಿಷ ಒಂದು ಇಲಾಖೆಗೆ, ಹಳ್ಳದ ಕೆಸರಿನಲ್ಲಿರುವ ವಿಷ ಇನ್ನೊಂದು ಇಲಾಖೆಗೆ ಎಂದು ಹಂಚುವುದನ್ನು ಸ್ವಾಪ್ ಒಪ್ಪಲಿಲ್ಲ. ಆರೋಗ್ಯ ಇಲಾಖೆಯ ಬಾಗಿಲನ್ನೂ ಪರಿಸರ ಇಲಾಖೆಯ ಬಾಗಿಲನ್ನೂ ಅವರು ಒಟ್ಟಿಗೆ ಬಡಿದರು.

ಪರಿಹಾರದ ಗೋಜಲು

ನ್ಯೂಜಿಲೆಂಡಿನಲ್ಲಿ 1974ರಿಂದ ಅಪಘಾತ ಪರಿಹಾರದ ವಿಶಿಷ್ಟ ವ್ಯವಸ್ಥೆ ಇದೆ. ಯಾರ ತಪ್ಪೆಂದು ಕೇಳದೆ ಗಾಯಗೊಂಡವರಿಗೆ ಸರ್ಕಾರಿ ನಿಗಮ ಚಿಕಿತ್ಸೆ, ಸಂಬಳದ ಪಾಲು ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಗಾಯಕ್ಕೆ ಪರಿಹಾರ ಕೊಡೆಂದು ಮಾಲೀಕನ ಮೇಲೆ ದಾವೆ ಹೂಡುವಂತಿಲ್ಲ. ಗರಗಸಕ್ಕೆ ಬೆರಳು ಸಿಕ್ಕಿದವನಿಗೆ ಇದು ನಿಜಕ್ಕೂ ಒಳ್ಳೆಯ ವ್ಯವಸ್ಥೆ. ನಾನು ಓದಿದ ಪರಿಹಾರ ಕಾನೂನುಗಳಲ್ಲಿ ಇದಕ್ಕಿಂತ ಮಾನವೀಯವಾದದ್ದು ಕಡಿಮೆ.

ಆದರೆ ಬೆರಳು ತುಂಡಾದ ದಿನಾಂಕ ಇರುತ್ತದೆ, ಕಂಡವರು ಇರುತ್ತಾರೆ. ಇಪ್ಪತ್ತು ವರ್ಷ ಚರ್ಮದಲ್ಲಿ ಇಳಿದದ್ದಕ್ಕೆ ದಿನಾಂಕ ಎಲ್ಲಿ? ಮೆಲ್ಲಮೆಲ್ಲನೆ ಬರುವ ಉದ್ಯೋಗ ಕಾಯಿಲೆಗೂ ಆ ಕಾನೂನಿನಲ್ಲಿ ಜಾಗವಿದೆ, ಆದರೆ ಕೆಲಸದ ವಾತಾವರಣದಿಂದಲೇ ಬಂತು, ಹೊರಗಿನ ಬದುಕಿನಿಂದ ಬಂದದ್ದಲ್ಲ ಎಂದು ತೋರಿಸಬೇಕು. ತೋರಿಸಲು ಬೇಕಾದದ್ದು ಮೂರು: ಎಷ್ಟು ಮದ್ದು ತಗುಲಿತ್ತು ಎಂಬ ಅಳತೆ, ಈ ಕಾಯಿಲೆಯೇ ಎಂಬ ವೈದ್ಯರ ಹೇಳಿಕೆ, ಎರಡರ ನಡುವೆ ಸಂಬಂಧವಿದೆ ಎಂಬ ವಿಜ್ಞಾನ. ಅಂದಿನ ಮದ್ದಿನ ಅಳತೆಯನ್ನು ಆಳುಗಳ ಮೈಯಿಂದ ತೆಗೆದು ಬರೆದಿಡುವುದು ಅವರ ಕೈಯಲ್ಲಿ ಇದ್ದದ್ದಲ್ಲ. ಕಾಯಿಲೆಗಳು ಒಂದಲ್ಲ ಹತ್ತು. ಸಂಬಂಧದ ವಿಜ್ಞಾನ ಇನ್ನೂ ನಡೆದಿರಲಿಲ್ಲ. ಹೀಗಾಗಿ ಅರ್ಜಿಗಳು ತಿರಸ್ಕೃತವಾದವು. ನಿಗಮದವರು ದುಷ್ಟರೆಂದು ನಾನು ಹೇಳುತ್ತಿಲ್ಲ, ಅವರ ಮುಂದಿದ್ದ ಕಾಗದದಲ್ಲಿ ಸಾಕ್ಷಿ ಇರಲಿಲ್ಲ. ಸಾಕ್ಷಿ ಕೂಡಿಡಬೇಕಾಗಿದ್ದ ಕಾಲದಲ್ಲಿ ಯಾರೂ ಅಳೆಯದೆ ಇದ್ದದ್ದರ ನಷ್ಟ ಕಾರ್ಮಿಕನ ತಲೆಗೆ ಬಂತು ಎಂಬುದು ನನ್ನ ದೂರು.

ನಮ್ಮಲ್ಲೂ ಇದರ ನೆರಳಿದೆ. ನೌಕರರ ಪರಿಹಾರದ ಕಾನೂನು, 2025ರವರೆಗೆ ಜಾರಿಯಲ್ಲಿದ್ದ 1923ರ ಕಾಯಿದೆಯಿಂದ ಹಿಡಿದು, ಉದ್ಯೋಗ ಕಾಯಿಲೆಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಬಂದಿದೆ. ಪಟ್ಟಿಯಲ್ಲಿರುವ ಕಾಯಿಲೆ, ಅದಕ್ಕೆ ಹೇಳಿದ ಕೆಲಸದಲ್ಲಿ ಇರಬೇಕಾದಷ್ಟು ಕಾಲ ಇದ್ದವನಿಗೆ ಬಂದರೆ, ಕೆಲಸದಿಂದಲೇ ಬಂತೆಂದು ಕಾನೂನು ಊಹಿಸಿಕೊಳ್ಳುತ್ತದೆ. ಹೊರೆ ಹಗುರಾಗುತ್ತದೆ. ಆದರೆ ನಮ್ಮ ಸಾಮಿಲ್ಲಿನ ಆಳು ಎಷ್ಟು ಕಾಲ ಇದ್ದನೆಂದು ತೋರಿಸುವ ಮಸ್ಟರ್ ರೋಲ್ ಎಲ್ಲಿರುತ್ತದೆ? ಗುತ್ತಿಗೆಯವರು ಬದಲಾದಾಗಲೆಲ್ಲ ಆಳಿನ ಲೆಕ್ಕವೂ ಹೊಸದಾಗಿ ಶುರುವಾಗುತ್ತದೆ.

293 ಜನ, 94 ಜನ

ಸ್ವಾಪ್ ಬೆನ್ನುಬಿಡದೆ ಕೇಳಿದ್ದರ ಫಲವಾಗಿ, ಮದ್ದು ನಿಂತು ಸುಮಾರು ಇಪ್ಪತ್ತು ವರ್ಷದ ಮೇಲೆ, ವೆಲಿಂಗ್ಟನ್ನಿನಲ್ಲಿರುವ ಮ್ಯಾಸಿ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಸಂಶೋಧನಾ ಕೇಂದ್ರ ದೇಶದ ಹಳೆಯ ಸಾಮಿಲ್ ಕಾರ್ಮಿಕರನ್ನು ಹುಡುಕಿ ಅಧ್ಯಯನ ಮಾಡಿತು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಬದುಕಿ ಉಳಿದಿದ್ದ 293 ಜನರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ, ವೈದ್ಯಕೀಯ ಪರೀಕ್ಷೆ ನಡೆಸಿದರು. ಅಂದಿನ ಅಳತೆ ಇರಲಿಲ್ಲವಲ್ಲ, ಅದಕ್ಕೆ ಬದಲಾಗಿ ಪ್ರತಿಯೊಬ್ಬರ ಕೆಲಸದ ಹೆಸರು, ಎಷ್ಟು ವರ್ಷ ಎಂಬುದನ್ನೇ ಹಿಡಿದು ತಗುಲಿದ ಪ್ರಮಾಣವನ್ನು ಅಂದಾಜಿಸಿದರು. ಹಸಿ ಸಾಲಿನವನು ಎಂಬ ಎರಡು ಪದವೇ ಅಲ್ಲಿ ಅಳತೆಗೋಲಾಯಿತು.

ಕಂಡದ್ದೇನು? ಪ್ರಮಾಣ ಹೆಚ್ಚಿದಂತೆ ನ್ಯುಮೋನಿಯಾ, ಕ್ಷಯ, ಪ್ಲೂರಸಿಯಂಥ ಶ್ವಾಸಕೋಶದ ಕಾಯಿಲೆಗಳು ಬಂದಿದ್ದವೆಂದು ಹೇಳಿದವರೂ ಹೆಚ್ಚಿದ್ದರು. ತಲೆಯ ನರಗಳ ಕೆಲಸದಲ್ಲಿ ಕೊರತೆ ಕಂಡಿತು. ಪೆಂಟಾ ಕೆಲಸದಲ್ಲಿ ಕಳೆದ ವರ್ಷಗಳು ಹೆಚ್ಚಿದಂತೆ ಥೈರಾಯ್ಡ್ ತೊಂದರೆ, ಕಾರಣವಿಲ್ಲದೆ ಪದೇಪದೇ ಬದಲಾಗುವ ಮನಸ್ಥಿತಿ, ಕಾಮಾಸಕ್ತಿಯ ಕುಸಿತ ಹೆಚ್ಚಿದ್ದವು. ಹೆಂಡತಿ-ಮಕ್ಕಳ ಮುಂದೆ ತಾವೇಕೆ ಹೀಗಾದೆವೆಂದು ವಿವರಿಸಲಾಗದೆ ನರಳಿದ ಗಂಡಸರಿಗೆ, ‘ಕಾರಣವಿಲ್ಲದ ಸಿಟ್ಟು’ ಎಂಬುದು ಅಂಕಿಅಂಶದ ಪಟ್ಟಿಯಲ್ಲಿ ಒಂದು ಸಾಲಾಗಿ ಕಂಡದ್ದು ಎಷ್ಟು ದೊಡ್ಡ ಸಮಾಧಾನವಾಗಿರಬೇಕು.

ಇನ್ನೊಂದು ಭಾಗ ರಕ್ತದ್ದು. 94 ಜನರ ರಕ್ತ ತೆಗೆದು ಡಯಾಕ್ಸಿನ್ ಅಳೆದರು. ಅವರಲ್ಲಿ 71 ಜನ ಪೆಂಟಾ ತಗುಲಿದವರು, 23 ಜನ ತಗುಲದವರು. ಇಪ್ಪತ್ತು ವರ್ಷ ಕಳೆದಿದ್ದರೂ ತಗುಲಿದವರ ರಕ್ತದಲ್ಲಿ ಡಯಾಕ್ಸಿನ್ ಹೆಚ್ಚಾಗಿಯೇ ಇತ್ತು, ದುಡಿದ ವರ್ಷ ಹೆಚ್ಚಿದಷ್ಟೂ ಹೆಚ್ಚಿತ್ತು. ಮೇಲೆ ನೆನಪಿಡಿ ಎಂದಿದ್ದೆನಲ್ಲ, ಅದು ಇಲ್ಲಿ ಕೆಲಸಕ್ಕೆ ಬಂತು. ಹೆಚ್ಚಿದ್ದ ಡಯಾಕ್ಸಿನ್‌ಗಳು ಆರು, ಏಳು, ಎಂಟು ಕ್ಲೋರಿನ್‌ನವು. ಊಟದಿಂದಲೋ ಬೇರೆ ಎಲ್ಲಿಂದಲೋ ಬಂದದ್ದೆಂದು ಹೇಳಿ ತಳ್ಳಿಹಾಕುವಂತಿರಲಿಲ್ಲ. ಪೆಂಟಾದ ಚಹರೆಯೇ ಆ ರಕ್ತದಲ್ಲಿ ಕೂತಿತ್ತು. ಪೀಪಾಯಿಯ ಮೇಲೆ ಯಾರೂ ಬರೆಯದೆ ಬಿಟ್ಟಿದ್ದ ಕಲ್ಮಶವೇ ಕಡೆಗೆ ಕಾರ್ಮಿಕರ ಪರವಾಗಿ ಸಾಕ್ಷಿ ಹೇಳಿತು.

ಅಧ್ಯಯನದ ಮಿತಿಗಳನ್ನೂ ಹೇಳಲೇಬೇಕು. ಕಾಯಿಲೆಗಳಲ್ಲಿ ಕೆಲವು ಅವರೇ ಹೇಳಿದ್ದು, ಆಸ್ಪತ್ರೆಯ ದಾಖಲೆಯಿಂದ ತೆಗೆದದ್ದಲ್ಲ. ತಮಗೆ ವಿಷ ತಗುಲಿದೆ ಎಂದು ಗೊತ್ತಿರುವವರು ಹೆಚ್ಚು ತೊಂದರೆ ನೆನಪಿಸಿಕೊಳ್ಳುವುದು ಸಹಜ. 293 ದೊಡ್ಡ ಸಂಖ್ಯೆಯಲ್ಲ, ಅಪರೂಪದ ಕ್ಯಾನ್ಸರುಗಳ ಬಗ್ಗೆ ಅಷ್ಟು ಜನರಿಂದ ಏನನ್ನೂ ಖಚಿತವಾಗಿ ಹೇಳಲಾಗದು. ಆದರೆ ಇದಕ್ಕೆ ವಿರುದ್ಧ ದಿಕ್ಕಿನ ಮಿತಿಯೂ ಇದೆ: ಕೇಳಿದ್ದು ಬದುಕಿದ್ದವರನ್ನು. ಹೆಚ್ಚು ಜರ್ಜರಿತರಾದವರು ಅಷ್ಟರೊಳಗೆ ಹೋಗಿಯಾಗಿದ್ದರೆ ಅವರ ಪಾಲಿನ ಉತ್ತರ ಈ ಲೆಕ್ಕದಲ್ಲಿ ಇಲ್ಲ.

ಕ್ಯಾನ್ಸರಿನ ಮಾತಿಗೆ ದೊಡ್ಡ ಸಂಖ್ಯೆ ಸಿಕ್ಕಿದ್ದು ಕೆನಡಾದಲ್ಲಿ. ಬ್ರಿಟಿಷ್ ಕೊಲಂಬಿಯಾದ 14 ಸಾಮಿಲ್ಲುಗಳಲ್ಲಿ 1950ರಿಂದ 1995ರ ನಡುವೆ ದುಡಿದ 27,464 ಗಂಡಸರನ್ನು ಹಿಂಬಾಲಿಸಿದ ಅಧ್ಯಯನ 2006ರಲ್ಲಿ ಹೊರಬಂತು. ಪೆಂಟಾ ಚರ್ಮಕ್ಕೆ ತಗುಲಿದ ಕಾಲ ಹೆಚ್ಚಿದಂತೆ ನಾನ್-ಹಾಡ್ಕಿನ್ ಲಿಂಫೋಮಾ, ಮಲ್ಟಿಪಲ್ ಮೈಲೋಮಾ ಎಂಬ ಎರಡು ರಕ್ತ ಸಂಬಂಧಿ ಕ್ಯಾನ್ಸರುಗಳು ಹೆಚ್ಚಿದ್ದು ಅದರಲ್ಲಿ ಕಂಡಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಪೆಂಟಾಕ್ಲೋರೋಫಿನಾಲನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು, ಲಿಂಫೋಮಾದ ಸಾಕ್ಷಿಯ ಮೇಲೆ. ಫಾಕಟಾನೆಯ ತೊಟ್ಟಿಗಳು ಖಾಲಿಯಾಗಿ ಆಗ 28 ವರ್ಷ.

2010ರ ಸುಮಾರಿಗೆ ನ್ಯೂಜಿಲೆಂಡ್ ಸರ್ಕಾರ ಪೆಂಟಾ ತಗುಲಿದ ಹಳೆಯ ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಸೇವೆ ಶುರುಮಾಡಿತು. ನ್ಯೂ ಪ್ಲಿಮತ್ ಊರಿನ ಕಳೆನಾಶಕ ಕಾರ್ಖಾನೆಯ ಸುತ್ತ ಡಯಾಕ್ಸಿನ್ ತಗುಲಿದವರಿಗೆ ಮೊದಲೇ ಇದ್ದ ಸೇವೆಯನ್ನು ಇವರಿಗೂ ವಿಸ್ತರಿಸಿದ್ದು. ತಪಾಸಣೆ ಎಂದರೆ ಪರಿಹಾರವಲ್ಲ. ಕಾಯಿಲೆ ಕಂಡರೆ ಅದಕ್ಕೆ ಮಿಲ್ಲೇ ಕಾರಣವೆಂದು ಒಪ್ಪಿದಂತೆಯೂ ಅಲ್ಲ. ಆದರೂ ವೈದ್ಯರ ಬಳಿ ಹೋಗಿ ಪೆಂಟಾ ಎಂದರೆ ಏನೆಂದು ಮೊದಲಿನಿಂದ ಹೇಳಬೇಕಾದ ಪಾಡು ತಪ್ಪಿತು. ಅಷ್ಟಾಗಲು ಇಪ್ಪತ್ತೆರಡು ವರ್ಷ ಹಿಡಿಯಿತು.

ಪೆಂಟಾ ಜಗತ್ತಿನಿಂದ ಪೂರ್ತಿ ಹೋಗಿಲ್ಲ. 2015ರಲ್ಲಿ, ಬಹುಕಾಲ ಉಳಿಯುವ ವಿಷಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ನಿರ್ಮೂಲನೆಯ ಪಟ್ಟಿಗೆ ಸೇರಿಸಿದಾಗಲೂ ವಿದ್ಯುತ್ ಕಂಬಗಳಿಗೆ ವಿನಾಯಿತಿ ಉಳಿಯಿತು. ಅಮೆರಿಕ ಅದನ್ನು ಹಂತಹಂತವಾಗಿ ಕೈಬಿಡುವ ನಿರ್ಧಾರಕ್ಕೆ ಬಂದದ್ದು 2022ರಲ್ಲಿ. ಭಾರತದ ನಿಷೇಧಿತ ಕೀಟನಾಶಕಗಳ ಪಟ್ಟಿಯಲ್ಲಿ ಪೆಂಟಾಕ್ಲೋರೋಫಿನಾಲ್ ಇದೆ. ಹಾಗಿದ್ದೂ 2007ರಲ್ಲಿ ನಮ್ಮ ದೇಶದಿಂದ ಯುರೋಪಿಗೆ ಹೋದ ಗೋರಿಕಾಯಿ ಬೀಜದ ಅಂಟಿನಲ್ಲಿ (ಉತ್ತರ ಕರ್ನಾಟಕದವರು ಚವಳಿಕಾಯಿ ಎನ್ನುವ ಅದೇ ಗಿಡ) ಪೆಂಟಾ ಮತ್ತು ಡಯಾಕ್ಸಿನ್ ಸಿಕ್ಕಿ ದೊಡ್ಡ ಗಲಾಟೆಯಾಯಿತು. ಯುರೋಪಿನ ಗ್ರಾಹಕನ ತಟ್ಟೆಗೆ ಬಂದದ್ದನ್ನು ಅಲ್ಲಿನ ಪ್ರಯೋಗಾಲಯ ಹಿಡಿಯಿತು. ಆ ಪುಡಿಯನ್ನು ಇಲ್ಲಿ ಕೈಯಾರೆ ಬೆರೆಸಿದವರು ಯಾರೋ ಇದ್ದಿರಲೇಬೇಕು. ಅವರ ರಕ್ತವನ್ನೂ ಅಳೆಯಬೇಕಿತ್ತು ಎಂದು ಆ ಸುದ್ದಿ ಓದಿದಾಗಲೆಲ್ಲ ನನಗೆ ಅನಿಸುತ್ತದೆ.

ಕೊಪೆಒಪೆಒ ಕಾಲುವೆ

ತೊಟ್ಟಿಯ ಕೆಸರು, ಮಿಲ್ಲಿನ ಅಂಗಳದ ಮಳೆನೀರು, ಮದ್ದು ಹಿಡಿದ ಹೊಟ್ಟು ಎಲ್ಲಿಗೆ ಹೋದವು? ಹೊಟ್ಟನ್ನೂ ತೊಗಟೆಯನ್ನೂ ಊರಿನ ಸುತ್ತಲಿನ ತಗ್ಗು ಜಾಗಗಳಿಗೆ ಸುರಿದು ನೆಲ ಎತ್ತರಿಸಿದರು. ಮಳೆನೀರು ಕೊಪೆಒಪೆಒ ಎಂಬ ಕಾಲುವೆಗೆ ಹರಿಯಿತು. ತಗ್ಗು ಬಯಲಿನ ನೀರು ಬಸಿಯಲು ತೋಡಿದ ಕಾಲುವೆ ಅದು. ಅದರಲ್ಲಿ ಮಾವೊರಿಗಳು ತುನಾ ಎನ್ನುವ ಹಾವುಮೀನು ಇದೆ. ಅವರ ಅಡುಗೆಯಲ್ಲಿ ಅದಕ್ಕೆ ದೊಡ್ಡ ಜಾಗ. ಕೊಬ್ಬಿನ ಮೀನು, ಬಹಳ ವರ್ಷ ಬದುಕುವ ಮೀನು, ಕೆಸರಿನಲ್ಲೇ ಇರುವ ಮೀನು. ಡಯಾಕ್ಸಿನ್ ಸೇರಿಕೊಳ್ಳಲು ಇದಕ್ಕಿಂತ ತಕ್ಕ ಜೀವ ಇನ್ನೊಂದಿಲ್ಲ. ಆ ಕಾಲುವೆಯ ಹಾವುಮೀನು ತಿನ್ನಬೇಡಿ ಎಂದು ಎಚ್ಚರಿಕೆ ಹಾಕಬೇಕಾಯಿತು.

2010ರ ದಶಕದ ಕೊನೆಯಲ್ಲಿ ಪ್ರಾದೇಶಿಕ ಆಡಳಿತ ಆ ಕಾಲುವೆಯ ಸುಮಾರು 5 ಕಿಲೋಮೀಟರ್ ಉದ್ದದ ಕೆಸರನ್ನು ಹೀರಿ ತೆಗೆಸಿತು. ನೀರು ಬಸಿದುಹೋಗಿ ಕೆಸರು ಮಾತ್ರ ಉಳಿಯುವಂಥ ದಪ್ಪ ಬಟ್ಟೆಯ ಭಾರೀ ಚೀಲಗಳಿಗೆ ಅದನ್ನು ತುಂಬಿ, ಅದಕ್ಕೆಂದೇ ಕಟ್ಟಿದ ಅಂಗಳಗಳಲ್ಲಿ ಸಾಲಾಗಿ ಮಲಗಿಸಿದರು. ಹೊತ್ತೊಯ್ದು ಬೇರೆ ಊರಿನಲ್ಲಿ ಹೂಳುವುದಕ್ಕೆ ಸ್ವಾಪ್‌ನವರ ಒಪ್ಪಿಗೆ ಇರಲಿಲ್ಲ. ತಮ್ಮ ನೆಲದ ವಿಷವನ್ನು ಇನ್ನೊಬ್ಬರ ನೆಲಕ್ಕೆ ಸುರಿಯುವುದು ಪರಿಹಾರವಾಗದು ಎಂಬುದು ಅವರ ನಿಲುವು. ಅಲ್ಲೇ, ಊರಿನ ಮಾವೊರಿ ವಿದ್ಯಾಸಂಸ್ಥೆಯ ಜೊತೆ ಸೇರಿ, ಗಿಡಗಳನ್ನೂ ಸೂಕ್ಷ್ಮಜೀವಿಗಳನ್ನೂ ಶಿಲೀಂಧ್ರಗಳನ್ನೂ ಬಳಸಿ ಡಯಾಕ್ಸಿನ್ ಒಡೆಯುವ ಪ್ರಯತ್ನಕ್ಕೆ ಕೈಹಾಕಿದರು.

ಮರದ ಗಟ್ಟಿ ಅಂಶವಾದ ಲಿಗ್ನಿನನ್ನು ಕರಗಿಸಿ ತಿನ್ನಬಲ್ಲ ಬಿಳಿ ಕೊಳೆಯ ಶಿಲೀಂಧ್ರ ಡಯಾಕ್ಸಿನ್‌ನಲ್ಲಿರುವ ಕ್ಲೋರಿನ್ ಹೊತ್ತ ಉಂಗುರಾಕಾರದ ರಚನೆಗಳನ್ನೂ ಒಡೆಯಬಲ್ಲದು, ಬಲು ನಿಧಾನವಾಗಿ. ಮೂವತ್ತೈದು ವರ್ಷ ಪೆಂಟಾ ಸುರಿದದ್ದು ಹಲಗೆಗೆ ಶಿಲೀಂಧ್ರ ಹತ್ತದಿರಲಿ ಎಂದು. ಈಗ ಅದೇ ಕುಲದ ಜೀವವನ್ನು ಬೆಳೆಸಿ ತಂದು ಕೆಸರಿಗೆ ಬೆರೆಸಿದ್ದಾರೆ.